ಬೋರ್ಡು ಬಂತು, ಅಪ್‌ಲೋಡ್ ಆಗಲಿಲ್ಲ

'ಸಾಫ್ಟ್‌ವೇರ್ ಹೋಗೇತ್ರಿ, ಹಾಕಬೇಕು.' ಗದಗ ಸೀಮೆಯ ಯಾವ ಮೊಬೈಲ್ ರಿಪೇರಿ ಅಂಗಡಿಯ ಕಟ್ಟೆಗೆ ಆತು ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಕಂಪನಿ ಲೋಗೊ ತೋರಿಸಿ ಅಲ್ಲೇ ನಿಂತುಬಿಟ್ಟ ಫೋನನ್ನು ಹುಡುಗ ಕೇಬಲ್ಲಿಗೆ ಸಿಕ್ಕಿಸುತ್ತಾನೆ. ವಾಲ್ಯೂಮ್ ಗುಂಡಿ ಒತ್ತಿ ಹಿಡಿದು ಲ್ಯಾಪ್‌ಟಾಪಿನಲ್ಲಿ ಸಣ್ಣದೊಂದು ತಂತ್ರಾಂಶ ತೆರೆಯುತ್ತಾನೆ. ಮೀಡಿಯಾಟೆಕ್ ಚಿಪ್ಪಿನ ಫೋನಿಗೆ ಎಸ್‌ಪಿ ಫ್ಲ್ಯಾಶ್ ಟೂಲ್, ಸ್ಯಾಮ್ಸಂಗ್ ಫೋನಿಗೆ ಓಡಿನ್. ಪಟ್ಟಿ ತುಂಬುವವರೆಗೆ ಕಾಯ್ದು ಕೇಬಲ್ ಕಿತ್ತರೆ ಫೋನು ಮತ್ತೆ ಉಸಿರಾಡುತ್ತದೆ. ಎಂಜಿನಿಯರಿಂಗ್ ಓದದ, ಎಷ್ಟೋ ಸಲ ಎಸ್ಸೆಸ್ಸೆಲ್ಸಿಯನ್ನೂ ದಾಟದ ಹುಡುಗರು ಈ ವಿದ್ಯೆಯನ್ನು ಒಬ್ಬರಿಂದೊಬ್ಬರು ಕಲಿತು ಹತ್ತಾರು ವರ್ಷಗಳಿಂದ ಹೊಟ್ಟೆ ಹೊರೆದುಕೊಳ್ಳುತ್ತಿದ್ದಾರೆ.

ಇದಕ್ಕಿಂತ ಸಣ್ಣ ಪ್ರಮಾಣದ ಇದೇ ಕೆಲಸ ನಮ್ಮ ಶಾಲೆಗಳಲ್ಲಿ ಮಾತ್ರ ಆಗಾಗ ಮುಗ್ಗರಿಸುತ್ತದೆ. ನೀತಿ ಆಯೋಗದ ಅಟಲ್ ಇನ್ನೊವೇಷನ್ ಮಿಷನ್ 2016ರಲ್ಲಿ ಶುರುವಾದ ಮೇಲೆ ದೇಶದಲ್ಲಿ 10,000 ಟಿಂಕರಿಂಗ್ ಲ್ಯಾಬುಗಳು ಎದ್ದವು. ಒಂದೊಂದಕ್ಕೆ ಗರಿಷ್ಠ 20 ಲಕ್ಷ ರೂಪಾಯಿ ಅನುದಾನ. 2025ರ ಕೇಂದ್ರ ಬಜೆಟ್ಟು ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಿಗೇ ಇನ್ನೂ 50,000 ಲ್ಯಾಬುಗಳನ್ನು ಘೋಷಿಸಿತು. ಲ್ಯಾಬು ಎಂದರೆ ಬಹುಪಾಲು ಮೈಕ್ರೊಕಂಟ್ರೋಲರ್ ಬೋರ್ಡು, ಸೆನ್ಸರು, ಮೋಟರು, ವೈರು. ಬೋರ್ಡಿನ ಮೇಲೆ ಮಕ್ಕಳ ಕೋಡು ಕೂರಬೇಕಾದರೆ ಕಂಪ್ಯೂಟರಿನಲ್ಲೊಂದು ಅಪ್‌ಲೋಡ್ ಸಾಧನ ಬೇಕು. ಅನುದಾನದ ಲೆಕ್ಕದಲ್ಲಿ ಅದಕ್ಕೆ ಬೆಲೆಯಿಲ್ಲ, ಏಕೆಂದರೆ ಅದು ಪುಕ್ಕಟೆ. ಪುಕ್ಕಟೆಯದ್ದಕ್ಕೆ ಟೆಂಡರಿಲ್ಲ, ಟೆಂಡರಿಲ್ಲದ್ದಕ್ಕೆ ಹೊಣೆಗಾರರೂ ಇಲ್ಲ.

ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿಯಂಥ, ತುಂಗಭದ್ರೆಯ ದಡದ ಒಂದು ಊರಿನ ಹೈಸ್ಕೂಲು ಮಗು ಇಂಥ ಬೋರ್ಡು ಹಿಡಿದು ಕೂತಿದೆ ಎಂದುಕೊಳ್ಳಿ. ದೀಪ ಮಿಣುಕಿಸುವ ಹತ್ತು ಸಾಲಿನ ಕೋಡು ಬರೆದಾಗಿದೆ, ತಪ್ಪೇನೂ ಇಲ್ಲ. ಅಪ್‌ಲೋಡ್ ಗುಂಡಿ ಒತ್ತಿದರೆ ಪರದೆಯ ಕೆಳಗೆ ಕೆಂಪಕ್ಷರದಲ್ಲಿ ಒಂದು ಸಾಲು: 'ಎಸ್‌ಟಿಕೆ500 ಗೆಟ್‌ಸಿಂಕ್, ಅಟೆಂಪ್ಟ್ 10 ಆಫ್ 10, ನಾಟ್ ಇನ್ ಸಿಂಕ್' ಎಂಬ ಧಾಟಿಯ ಇಂಗ್ಲಿಷು. ಅದರ ಅರ್ಥ ಇಷ್ಟೇ: ಹತ್ತು ಸಲ ಕೂಗಿದೆ, ಬೋರ್ಡು ಓಗೊಡಲಿಲ್ಲ. ಕಾರಣ ಐದಾರು ಇರಬಹುದು. ಕೇಬಲ್ಲು ಬರೀ ಚಾರ್ಜಿಂಗಿನದಿರಬಹುದು, ಒಳಗೆ ಡೇಟಾ ತಂತಿಯೇ ಇರುವುದಿಲ್ಲ. ಪೋರ್ಟು ತಪ್ಪಾಗಿ ಆಯ್ದಿರಬಹುದು. ಅಗ್ಗದ ಬೋರ್ಡಿನಲ್ಲಿರುವ ಸಿಎಚ್340 ಎಂಬ ಚೀನೀ ಯುಎಸ್‌ಬಿ ಚಿಪ್ಪಿಗೆ ಬೇಕಾದ ಡ್ರೈವರು ವಿಂಡೋಸಿನಲ್ಲಿ ಇಲ್ಲದಿರಬಹುದು. ನ್ಯಾನೊ ಬೋರ್ಡಾದರೆ ಮೆನುವಿನಲ್ಲಿ 'ಓಲ್ಡ್ ಬೂಟ್‌ಲೋಡರ್' ಎಂದು ಆಯ್ಕೆ ಮಾಡಬೇಕಾಗಿರಬಹುದು. ಇವುಗಳಲ್ಲಿ ಒಂದೂ ಪ್ರೋಗ್ರಾಮಿಂಗ್ ಪಾಠವಲ್ಲ. ಆದರೆ ಮಗು ಕಲಿತು ಎದ್ದುಹೋಗುವ ಪಾಠ ಒಂದೇ: 'ನಂಗ ಇದು ಬರೂದಿಲ್ಲ.'

ಇಲ್ಲಿ ನಡೆಯುವುದು ಏನೆಂದು ಗದಗಿನವರಿಗೆ ತಿಳಿಸಿ ಹೇಳುವುದು ಸುಲಭ. ಮುದ್ರಣ ಕಾಶಿ ಎನಿಸಿಕೊಂಡ ಊರಿದು. ಮೊಳೆ ಜೋಡಿಸಿ ಚೌಕಟ್ಟು ಬಿಗಿದ ಮಾತ್ರಕ್ಕೆ ಪುಸ್ತಕವಾಗುತ್ತಿರಲಿಲ್ಲ. ಮಸಿ ಹಿಡಿದ ಅಚ್ಚು ಕಾಗದದ ಮೇಲೆ ಒತ್ತಬೇಕು, ಮೊದಲ ಪ್ರತಿ ತೆಗೆದು ಕರಡು ತಿದ್ದುವವನ ಕೈಗೆ ಕೊಡಬೇಕು. ಅಪ್‌ಲೋಡ್ ಸಾಧನದ್ದು ಈ ಎರಡೂ ಕೆಲಸ. ಆರ್ಡುಯಿನೊ ಉನೊ ಎಂಬ ಬೋರ್ಡಿಗೆ ಅದು ಮೊದಲು ಒಂದು ತಂತಿಯ ಸಂಕೇತದಿಂದ ಮರುಚಾಲನೆ ಕೊಡುತ್ತದೆ. ಎಚ್ಚೆತ್ತ ಚಿಪ್ಪಿನಲ್ಲಿ ಬೂಟ್‌ಲೋಡರ್ ಎಂಬ 512 ಬೈಟಿನ ಪುಟಾಣಿ ಪ್ರೋಗ್ರಾಮು ಸುಮಾರು ಒಂದು ಸೆಕೆಂಡು ಕಿವಿಗೊಟ್ಟು ಕೂರುತ್ತದೆ. ಅಷ್ಟರೊಳಗೆ ಗುರುತು ಹೇಳಿದರೆ ಬಾಗಿಲು ತೆರೆಯುತ್ತದೆ, ತಡವಾದರೆ ಹಳೆಯ ಪ್ರೋಗ್ರಾಮಿಗೇ ಹೊರಟುಹೋಗುತ್ತದೆ. ಬಾಗಿಲು ತೆರೆದ ಮೇಲೆ 32 ಕಿಲೊಬೈಟಿನ ಫ್ಲ್ಯಾಶ್ ನೆನಪಿಗೆ ತುಂಡು ತುಂಡಾಗಿ ಕೋಡು ಬರೆದು, ಬರೆದದ್ದನ್ನು ತಿರುಗಿ ಓದಿ, ಕಳಿಸಿದ್ದಕ್ಕೂ ಕೂತದ್ದಕ್ಕೂ ತಾಳೆ ನೋಡಿ ಆಮೇಲೆ ಮುಗಿಯಿತು ಎನ್ನುತ್ತದೆ. ಆ ಚಿಪ್ಪು ಹೀಗೆ 10,000 ಸಲ ಅಳಿಸಿ ಬರೆಯುವುದನ್ನು ತಾಳುತ್ತದೆ ಎಂದು ತಯಾರಕರೇ ಹೇಳುತ್ತಾರೆ. ಮಕ್ಕಳು ತಪ್ಪು ಮಾಡಲು ಇಷ್ಟು ಪುರುಸೊತ್ತು ಕೊಡುವ ಪಾಟಿ ಬೇರೊಂದಿಲ್ಲ.

ಇಷ್ಟು ಸಲೀಸಾದದ್ದು ತಾನಾಗಿ ಆದದ್ದಲ್ಲ. ಟೈಪ್‌ರೈಟರಿಗೆ ಹೆಸರಾದ ಒಲಿವೆಟ್ಟಿ ಕಂಪನಿಯ ಊರು, ಇಟಲಿಯ ಇವ್ರಿಯಾದಲ್ಲಿ ವಿನ್ಯಾಸ ಕಲಿಸುವ ಒಂದು ಸಂಸ್ಥೆಯಿತ್ತು. ಅಲ್ಲಿ 2003ರಲ್ಲಿ ಹೆರ್ನಾಂಡೊ ಬರ್ರಾಗನ್ ಎಂಬ ಕೊಲಂಬಿಯಾದ ವಿದ್ಯಾರ್ಥಿ 'ವೈರಿಂಗ್' ಎಂಬ ಬೋರ್ಡು ಮತ್ತು ತಂತ್ರಾಂಶ ಮಾಡಿದ. ಅದರ ಬೆನ್ನಿಗೆ 2005ರಲ್ಲಿ ಮಾಸ್ಸಿಮೊ ಬಾಂಜಿ ಮತ್ತು ಸಂಗಡಿಗರು ಆರ್ಡುಯಿನೊ ತಂದರು. ಮೈಕ್ರೊಕಂಟ್ರೋಲರುಗಳು ಅದಕ್ಕೂ ಮೊದಲು ಇದ್ದವು. ಅವುಗಳಿಗೆ ಬರೆಯಲು ಬೇರೆಯೇ ದುಬಾರಿ ಪೆಟ್ಟಿಗೆ ಬೇಕಿತ್ತು, ಆ ಪೆಟ್ಟಿಗೆ ಓಡಿಸಲು ಎಂಜಿನಿಯರು ಬೇಕಿದ್ದ. ಆರ್ಡುಯಿನೊ ಬರೆಯುವ ಪೆಟ್ಟಿಗೆಯನ್ನು ಬೋರ್ಡಿನೊಳಗೇ ಇಳಿಸಿ, ಓಡಿಸುವ ಕಷ್ಟವನ್ನು ಒಂದು ಬಾಣದ ಗುಂಡಿಯ ಹಿಂದೆ ಅಡಗಿಸಿತು. ಗುಂಡಿಯ ಹಿಂದೆ ನಿಜವಾಗಿ ದುಡಿಯುವುದು 'ಎವಿಆರ್‌ಡ್ಯೂಡ್' ಎಂಬ ಬೇರೊಂದು ಸಾಧನ. ಅದು ಬ್ರಯಾನ್ ಡೀನ್ ಎಂಬವರು ಬರೆದು, ಮುಂದೆ ಹಲವರು ಸೇರಿ ಬೆಳೆಸಿದ ಮುಕ್ತ ತಂತ್ರಾಂಶ. ಮೇಲಿನ ಕೆಂಪು ಸಾಲು ಅದರದ್ದೇ ದನಿ. ಕಷ್ಟವನ್ನು ಅಡಗಿಸಿದವರು ಅದರ ಬೈಗುಳವನ್ನು ಅಡಗಿಸಲು ಮರೆತರು.

ಇದಕ್ಕೆ ಉತ್ತರ ಇಲ್ಲವೆಂದಲ್ಲ. ಬ್ರಿಟನ್ನಿನಲ್ಲಿ 2016ರಲ್ಲಿ ಬಿಬಿಸಿ ಮಕ್ಕಳಿಗೆ ಪುಕ್ಕಟೆ ಹಂಚಿದ ಮೈಕ್ರೊಬಿಟ್ ಬೋರ್ಡು ಕಂಪ್ಯೂಟರಿಗೆ ಪೆನ್‌ಡ್ರೈವಿನಂತೆ ಕಾಣುತ್ತದೆ. ಫೈಲನ್ನು ಎಳೆದು ಅದರ ಮೇಲೆ ಹಾಕಿದರೆ ಅಪ್‌ಲೋಡ್ ಆಯಿತು. 2021ರ ಜನವರಿಯಲ್ಲಿ 4 ಡಾಲರಿಗೆ ಬಂದ ರಾಸ್ಪ್‌ಬೆರಿ ಪೈ ಪಿಕೊ ಕೂಡ ಇದೇ ದಾರಿಯದು: ಬೂಟ್‌ಸೆಲ್ ಎಂಬ ಗುಂಡಿ ಒತ್ತಿಕೊಂಡು ಕೇಬಲ್ ಚುಚ್ಚಿ, ಫೈಲು ಎಳೆದು ಹಾಕಿ. ಡ್ರೈವರಿನ ಗೊಡವೆಯಿಲ್ಲ, ಪೋರ್ಟು ಹುಡುಕಬೇಕಿಲ್ಲ. ಆದರೆ ಭಾರತದ ಅಂಗಡಿಗಳಲ್ಲಿ ವೈಫೈ ಸಮೇತ ಕೆಲವೇ ನೂರು ರೂಪಾಯಿಗೆ ಸಿಗುವುದು ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ಇಎಸ್‌ಪಿ32. ಆದ್ದರಿಂದ ಕಾಲೇಜು ಪ್ರಾಜೆಕ್ಟುಗಳೆಲ್ಲ ಅದರ ಮೇಲೆಯೇ. ಅದರ ಅನೇಕ ಬೋರ್ಡುಗಳಲ್ಲಿ 'ಕನೆಕ್ಟಿಂಗ್' ಎಂದು ಚುಕ್ಕಿಗಳು ಓಡುವಾಗ ಬೂಟ್ ಗುಂಡಿ ಒತ್ತಿ ಹಿಡಿಯಬೇಕು, ಬರೆಯಲು ಶುರುವಾದ ಮೇಲೆ ಬಿಡಬೇಕು. ಈ ಗುಟ್ಟು ಬೋರ್ಡಿನ ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಇದೇ ಕಂಪನಿಯ ಹಿಂದಿನ ಚಿಪ್ಪು ಇಎಸ್‌ಪಿ8266 ಜನಪ್ರಿಯವಾದ 2014ರಲ್ಲಿ ಅದರ ಕೈಪಿಡಿಗಳು ಚೀನೀ ಭಾಷೆಯಲ್ಲಷ್ಟೇ ಇದ್ದವು. ಹವ್ಯಾಸಿಗಳೇ ಅವನ್ನು ಇಂಗ್ಲಿಷಿಗೆ ತಂದರು. ಬರೆಯುವ ಸಾಧನ 'ಇಎಸ್‌ಪಿಟೂಲ್' ಅನ್ನು ಫ್ರೆಡ್ರಿಕ್ ಆಲ್‌ಬರ್ಗ್ ಎಂಬ ಹವ್ಯಾಸಿ ಆ ವರ್ಷವೇ ಬರೆದ, ಆಮೇಲೆ ಕಂಪನಿಯೇ ಅದನ್ನು ತನ್ನದಾಗಿಸಿಕೊಂಡಿತು. ಚೀನೀ ಓದಲಾಗದವರು ಕೈಕಟ್ಟಿ ಕೂರದೆ ತಮ್ಮ ಭಾಷೆಗೆ ತಂದುಕೊಂಡದ್ದರಿಂದ ಆ ಚಿಪ್ಪು ಜಗತ್ತು ಸುತ್ತಿತು. ಕನ್ನಡಕ್ಕೆ ಆ ಕೆಲಸ ಇನ್ನೂ ಯಾರದ್ದೋ ಪಾಲಿಗೆ ಕಾದು ಕೂತಿದೆ.

ಪೂರ್ತಿ ಕಾದು ಕೂತಿದೆ ಎಂದರೆ ಕಾಸರಗೋಡಿಗೆ ಅನ್ಯಾಯವಾದೀತು. ಕೇರಳದಲ್ಲಿ 2025ರ ಜೂನಿನಿಂದ ಹತ್ತನೇ ತರಗತಿಯ ಸುಮಾರು 4.3 ಲಕ್ಷ ಮಕ್ಕಳೆಲ್ಲರಿಗೂ ರೊಬೊಟಿಕ್ಸ್ ಕಡ್ಡಾಯ ಪಾಠ. ಅದು ಐಸಿಟಿ ಪಠ್ಯಪುಸ್ತಕದೊಳಗಿನ ಅಧ್ಯಾಯ. ಆ ಪುಸ್ತಕ ಮಲಯಾಳ, ಇಂಗ್ಲಿಷ್, ತಮಿಳಿನ ಜೊತೆಗೆ ಕನ್ನಡದಲ್ಲೂ ಅಚ್ಚಾಗುತ್ತದೆ. ಕೈ ಎದುರು ಹಿಡಿದರೆ ತಾನಾಗಿ ಸ್ಯಾನಿಟೈಸರ್ ಸುರಿಸುವ ಯಂತ್ರವನ್ನು ಆರ್ಡುಯಿನೊ, ಐಆರ್ ಸೆನ್ಸರು ಮತ್ತು ಸರ್ವೊ ಮೋಟರಿನಿಂದ ಮಾಡುವುದು ಅದರ ಮೊದಲ ಚಟುವಟಿಕೆ. ಅಂದರೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಗು ಇದನ್ನು ಕನ್ನಡದಲ್ಲಿ ಓದುತ್ತದೆ, ಕೊರ್ಲಹಳ್ಳಿಯ ಮಗುವಿಗೆ ಆ ಭಾಗ್ಯವಿಲ್ಲ.

ಕೇರಳದ ಜಾಣತನ ಪುಸ್ತಕಕ್ಕಿಂತ ಕೆಳಗಿನ ಪದರದಲ್ಲಿದೆ. ಅಲ್ಲಿನ ಶಾಲೆಗಳಿಗೆ 'ಕೈಟ್' ಎಂಬ ಸರ್ಕಾರಿ ಸಂಸ್ಥೆ ತನ್ನದೇ ಗ್ನೂ ಲಿನಕ್ಸ್ ಆವೃತ್ತಿ ಸಿದ್ಧಪಡಿಸಿ ಕೊಡುತ್ತದೆ. ಪಾಠಕ್ಕೆ ಬೇಕಾದ ತಂತ್ರಾಂಶಗಳು ಅದರಲ್ಲಿ ಮೊದಲೇ ಕೂತಿರುತ್ತವೆ. ಸಿಎಚ್340ಕ್ಕೆ ಬೇಕಾದ ಡ್ರೈವರು ಲಿನಕ್ಸಿನ ಒಡಲಲ್ಲೇ ಇದೆ. ಹೀಗೆ ಒಂದು ಕಡೆ ಒಂದು ಸಲ ಸರಿಯಾಗಿ ಜೋಡಿಸಿದ್ದು ಸಾವಿರಾರು ಶಾಲೆಗೆ ಹೋಗುತ್ತದೆ. 29,000 ಕಿಟ್ಟುಗಳೂ ಹಂಚಿಕೆಯಾಗಿವೆ. ಹೋಲಿಸಿ ನೋಡಿದರೆ ನಮ್ಮಲ್ಲಿ ಕಿಟ್ಟು ಮಾರಿದ ಏಜೆನ್ಸಿಯವರು ಬಂದು ತೋರಿಸಿ ಹೋಗುವುದು ಒಂದು ಸಲ. ಆಮೇಲೆ ವಿಂಡೋಸ್ ತನ್ನಷ್ಟಕ್ಕೆ ನವೀಕರಣಗೊಂಡರೆ, ಕಂಪ್ಯೂಟರು ಫಾರ್ಮ್ಯಾಟ್ ಆದರೆ, ವಿಜ್ಞಾನದ ಮೇಷ್ಟ್ರು ವರ್ಗವಾದರೆ ಕಥೆ ಮುಗಿಯಿತು. ಇಎಸ್‌ಪಿ32 ಬೋರ್ಡಿಗೆ ಬೇಕಾದ ಪ್ಯಾಕೇಜು ಇಳಿಸಲು ನೂರಾರು ಎಂಬಿ ಡೇಟಾ ಬೇಕು. ನೆಟ್ ಎಳೆದು ಎಳೆದು ಬರುವ ಊರಿನಲ್ಲಿ ಮೇಷ್ಟ್ರು ತಮ್ಮ ಫೋನಿನ ಹಾಟ್‌ಸ್ಪಾಟ್ ಕೊಟ್ಟು ಎಷ್ಟು ಕಂಪ್ಯೂಟರಿಗೆ ಇಳಿಸಿಯಾರು?

ಬೆಂಗಳೂರಿನಲ್ಲಿ ಕೂತವರು ಇದನ್ನು ಸಣ್ಣ ವಿಷಯವೆಂದಾರು. ಎಸ್‌ಪಿ ರೋಡಿಗೆ ಹೋದರೆ ಡೇಟಾ ಕೇಬಲ್ಲು ಬೇಕಾದಷ್ಟು ಸಿಗುತ್ತದೆ, ಪಕ್ಕದ ಮನೆಯಲ್ಲೊಬ್ಬ ಎಂಜಿನಿಯರಿರುತ್ತಾನೆ. ಹಳ್ಳಿಯಲ್ಲಿ ಸಣ್ಣ ತಡೆಯೇ ದೊಡ್ಡ ಗೋಡೆ.

ವಿಷಯ ಶಾಲೆಗಷ್ಟೇ ನಿಲ್ಲುವುದೂ ಇಲ್ಲ. ಹಮ್ಮಿಗಿ ಬಳಿಯ ಬ್ಯಾರೇಜಿನಿಂದ ನೀರೆತ್ತುವ ಸಿಂಗಟಾಲೂರು ಏತ ನೀರಾವರಿ ಒಂದೆಡೆ, ನದಿಯಂಚಿನ ಮತ್ತು ಕೊಳವೆಬಾವಿಯ ಪಂಪ್‌ಸೆಟ್ಟುಗಳು ಇನ್ನೊಂದೆಡೆ. ಮುಂಡರಗಿ ಸೀಮೆಯ ಬೇಸಾಯ ತ್ರೀ ಫೇಸ್ ಕರೆಂಟು ಬರುವ ಹೊತ್ತಿಗೆ ಕಾಯುತ್ತದೆ. ರಾತ್ರಿ ಹೊಲಕ್ಕೆ ಹೋಗುವ ಕಷ್ಟ ತಪ್ಪಿಸಲು ರೈತರು ಆಟೊ ಸ್ಟಾರ್ಟರು, ಸಿಮ್ ಹಾಕುವ ಮೊಬೈಲ್ ಸ್ಟಾರ್ಟರು ಕೊಂಡಿದ್ದಾರೆ. ಪುಣೆಯ ಸಂತೋಷ್ ಓಸ್ತ್ವಾಲ್ ಅವರ 'ನ್ಯಾನೊ ಗಣೇಶ' ಈ ಬಗೆಯ ಪೆಟ್ಟಿಗೆಗಳಲ್ಲಿ ಮೊದಮೊದಲು ಹೆಸರು ಮಾಡಿದ್ದು. ಈಗ ಎಷ್ಟೋ ಕಂಪನಿಗಳು ತಯಾರಿಸುತ್ತವೆ. ಎಲ್ಲದರೊಳಗೂ ಒಂದು ಮೈಕ್ರೊಕಂಟ್ರೋಲರು, ಅದರಲ್ಲೊಂದು ಫರ್ಮ್‌ವೇರು. ಕರೆಂಟು ಬಂದ ಎಷ್ಟು ಸೆಕೆಂಡಿಗೆ ಮೋಟರು ಚಾಲೂ ಆಗಬೇಕು, ಒಂದು ಫೇಸ್ ಹೋದರೆ ಏನು ಮಾಡಬೇಕು, ನೀರಿಲ್ಲದೆ ಓಡುತ್ತಿದ್ದರೆ ಯಾವಾಗ ನಿಲ್ಲಿಸಬೇಕು ಎಂದು ತೀರ್ಮಾನಿಸುವುದು ಅದೇ. ಇಡೀ ಊರಿನ ಆಟೊ ಸ್ಟಾರ್ಟರುಗಳು ಕರೆಂಟು ಬಂದೊಡನೆ ಒಟ್ಟಿಗೇ ಎದ್ದರೆ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಮೇಲೆ ಬೀಳುವ ಹೊರೆ ರೈತರಿಗೂ ಹೆಸ್ಕಾಂ ಲೈನ್‌ಮನ್ನನಿಗೂ ಗೊತ್ತಿದ್ದದ್ದೇ. ಟಿಸಿ ಸುಟ್ಟರೆ ಬದಲಿ ಬರುವವರೆಗೆ ಬೆಳೆ ಬಾಡುತ್ತದೆ. ಕೆಲವು ಪೆಟ್ಟಿಗೆಗಳಲ್ಲಿ ಈ ಕಾಯುವ ಹೊತ್ತನ್ನು ಗುಂಡಿ ತಿರುಗಿಸಿ ಬದಲಿಸಬಹುದು. ಗುಂಡಿಯಿಲ್ಲದಿದ್ದರೆ ಅದು ಫರ್ಮ್‌ವೇರಿನಲ್ಲಿ ಬರೆದ ಬ್ರಹ್ಮಲಿಪಿ. ಪೆಟ್ಟಿಗೆಗೆ ದುಡ್ಡು ಕೊಟ್ಟವರು ರೈತರು, ಅದರೊಳಗಿನ ಒಂದು ಅಂಕಿ ತಿದ್ದುವ ದಾರಿ ಮಾತ್ರ ಕಂಪನಿಯ ಬಳಿ. ಕಂಪನಿ ಬಾಗಿಲು ಹಾಕಿದರೆ ಆ ದಾರಿಯೂ ಮುಚ್ಚಿತು.

ಮುಚ್ಚುವುದು ತಾಂತ್ರಿಕವಾಗಿ ಬಹಳ ಸುಲಭ. ಬಹುತೇಕ ಚಿಪ್ಪುಗಳಲ್ಲಿ ಒಳಗಿನದ್ದನ್ನು ಹೊರಗಿನವರು ಓದದಂತೆ ತಡೆಯುವ ಬೀಗವಿರುತ್ತದೆ. ಇಎಸ್‌ಪಿ32ರಲ್ಲಿ ಇ-ಫ್ಯೂಸ್ ಎಂಬುದನ್ನು ಒಮ್ಮೆ ಸುಟ್ಟರೆ ಮತ್ತೆ ತಿರುಗಿಸಲಾಗದು. ನಕಲು ತಡೆಯಲು ಕಂಪನಿಗಳಿಗೆ ಬೀಗ ಬೇಕು, ಆ ಮಾತು ನ್ಯಾಯವೇ. ಆದರೆ ಬೀಗ ಹಾಕುವವರ ಕೈ ಎಷ್ಟು ಉದ್ದವಿರಬಹುದು ಎಂದು 2014ರ ಅಕ್ಟೋಬರಿನಲ್ಲಿ ಜಗತ್ತು ಕಂಡಿದೆ. ಯುಎಸ್‌ಬಿ ಚಿಪ್ಪು ಮಾಡುವ ಸ್ಕಾಟ್ಲೆಂಡಿನ ಎಫ್‌ಟಿಡಿಐ ಕಂಪನಿಯ ಹೊಸ ಡ್ರೈವರು ವಿಂಡೋಸ್ ಅಪ್‌ಡೇಟಿನ ಜೊತೆಗೆ ಮನೆಮನೆಯ ಕಂಪ್ಯೂಟರಿಗೆ ಬಂತು. ನಕಲಿ ಚಿಪ್ಪು ಸಿಕ್ಕರೆ ಅದರ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿತು. ತಮ್ಮ ಬೋರ್ಡಿನಲ್ಲಿ ನಕಲಿ ಚಿಪ್ಪಿದೆಯೆಂಬ ಅರಿವೂ ಇಲ್ಲದ ಜನರ ಸಾಧನಗಳು ಕೂತಲ್ಲೇ ಮೂಕವಾದವು. ಗದ್ದಲವೆದ್ದ ಮೇಲೆ ಆ ಡ್ರೈವರನ್ನು ಹಿಂದಕ್ಕೆ ಪಡೆದರು. ಕಳ್ಳಮಾಲು ಮಾಡಿದವನನ್ನು ಬಿಟ್ಟು ಕೊಂಡವನ ಮನೆಗೆ ನುಗ್ಗಿದ ಈ ನ್ಯಾಯಕ್ಕೆ ಇನ್ನೇನು ಹೆಸರಿಡುವುದೋ.

ಎಲ್ಲ ಚಿಪ್ಪುಗಳೂ ಎಲ್ಲರಿಗೂ ತೆರೆದಿರಬೇಕೆಂಬ ವಾದವೂ ನಿಲ್ಲದು. ಅದಕ್ಕೆ ಉದಾಹರಣೆ ಬೆಂಗಳೂರಿನಲ್ಲೇ ಇದೆ. ದೇಶದ ವಿದ್ಯುನ್ಮಾನ ಮತಯಂತ್ರಗಳನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಇಲ್ಲಿನ ಬಿಇಎಲ್ ಒಂದು, ಇನ್ನೊಂದು ಹೈದರಾಬಾದಿನ ಇಸಿಐಎಲ್. ಮತಯಂತ್ರದ ಮೈಕ್ರೊಕಂಟ್ರೋಲರಿಗೆ ಪ್ರೋಗ್ರಾಮನ್ನು ಒಂದೇ ಸಲ ಬರೆಯಬಹುದು, ಮತ್ತೆ ಬದಲಿಸಲಾಗದು ಎಂಬುದು ಚುನಾವಣಾ ಆಯೋಗದ ನಿಲುವು. ಇಲ್ಲಿ ಬೀಗವೇ ಭರವಸೆ. ಆದರೆ ಬೀಗ ಹಾಕಿದ್ದೇವೆ ಎಂಬ ಮಾತೊಂದೇ ಸಾಲದೆಂದು 2024ರ ಏಪ್ರಿಲ್ 26ರಂದು ಸುಪ್ರೀಂ ಕೋರ್ಟು ಹೇಳಿದಂತಾಯಿತು. ನ್ಯಾಯಮೂರ್ತಿಗಳಾದ ಸಂಜೀವ್ ಖನ್ನಾ ಮತ್ತು ದೀಪಂಕರ್ ದತ್ತಾ ಅವರ ಪೀಠ ಕಾಗದದ ಮತಪತ್ರಕ್ಕೆ ಮರಳುವ ಬೇಡಿಕೆಯನ್ನು ತಳ್ಳಿಹಾಕಿತು. ಜೊತೆಗೇ, ಎರಡನೇ ಮತ್ತು ಮೂರನೇ ಸ್ಥಾನ ಪಡೆದ ಅಭ್ಯರ್ಥಿಗಳು ಫಲಿತಾಂಶದ 7 ದಿನಗಳೊಳಗೆ ಲಿಖಿತವಾಗಿ ಕೇಳಿದರೆ, ಪ್ರತಿ ವಿಧಾನಸಭಾ ಕ್ಷೇತ್ರದ ಶೇ 5ರಷ್ಟು ಯಂತ್ರಗಳ ಮೈಕ್ರೊಕಂಟ್ರೋಲರುಗಳನ್ನು ತಯಾರಕರ ಎಂಜಿನಿಯರುಗಳು ಪರಿಶೀಲಿಸಬೇಕೆಂದು ಆದೇಶಿಸಿತು. ಮತಯಂತ್ರದ ಚಿಪ್ಪಿಗೆ ಯಾರೂ ಬರೆಯಬಾರದು. ಪಂಪ್‌ಸೆಟ್ಟಿನ ಚಿಪ್ಪಿಗೆ ಒಡೆಯ ಬರೆಯುವಂತಿರಬೇಕು. ಶಾಲೆಯ ಚಿಪ್ಪಿಗೆ ಮಗು ದಿನಕ್ಕೆ ಇಪ್ಪತ್ತು ಸಲ ಬರೆಯಬೇಕು. ಈ ಮೂರನ್ನೂ ಬೇರೆಬೇರೆಯಾಗಿ ನೋಡುವ ನೀತಿಯೊಂದು ರಾಜ್ಯದ ಖರೀದಿ ಪುಸ್ತಕದಲ್ಲಿ ಬೇಕು.

ಸ್ವದೇಶಿ ಚಿಪ್ಪಿನ ಉತ್ಸಾಹದಲ್ಲೂ ಈ ಪ್ರಶ್ನೆ ಕಳೆದುಹೋಗಬಾರದು. ಸಿ-ಡ್ಯಾಕ್ ಸಂಸ್ಥೆಯ ವೇಗಾ ಪ್ರೊಸೆಸರಿನ 'ಏರೀಸ್' ಬೋರ್ಡುಗಳನ್ನು ಆರ್ಡುಯಿನೊ ತಂತ್ರಾಂಶದಿಂದಲೇ ಪ್ರೋಗ್ರಾಮ್ ಮಾಡಬಹುದು. ಅದು ಒಳ್ಳೆಯ ನಡೆ, ಮಕ್ಕಳು ಹೊಸ ಸಾಧನ ಕಲಿಯಬೇಕಿಲ್ಲ. ಆ ಆರ್ಡುಯಿನೊವನ್ನು ಕೊಳ್ಳುವುದಾಗಿ ಅಮೆರಿಕದ ಕ್ವಾಲ್‌ಕಾಮ್ 2025ರ ಅಕ್ಟೋಬರಿನಲ್ಲಿ ಘೋಷಿಸಿತು. ಯಜಮಾನಿಕೆ ಕೈ ಬದಲಾದರೂ ಎವಿಆರ್‌ಡ್ಯೂಡ್, ಇಎಸ್‌ಪಿಟೂಲ್ ಎರಡೂ ಮುಕ್ತ ಪರವಾನಗಿಯಲ್ಲಿವೆ. ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು, ತಿದ್ದಬಹುದು. ತಿದ್ದುವ ಹಕ್ಕು ಹೀಗೆ ಕೈಯಲ್ಲಿರುವಾಗ ಕೆಂಪು ಸಾಲಿನ ಜಾಗದಲ್ಲಿ 'ಬೋರ್ಡು ಉತ್ತರಿಸುತ್ತಿಲ್ಲ. ಮೊದಲು ಕೇಬಲ್ ಬದಲಿಸಿ ನೋಡಿ, ಆಮೇಲೆ ಪೋರ್ಟು' ಎಂದು ಕನ್ನಡದಲ್ಲಿ ಬರೆಸಲು ಯಾರ ಅಪ್ಪಣೆಯೂ ಬೇಡ. ಕಂಪ್ಯೂಟರಿನಲ್ಲಿ ಕನ್ನಡ ಮೂಡುವುದೇ ಕಷ್ಟವಿದ್ದ ದಿನಗಳಲ್ಲಿ ಕೆ.ಪಿ. ರಾವ್ ಕೀಲಿಮಣೆಯ ವಿನ್ಯಾಸ ಕೊಟ್ಟ ನಾಡಿದು. ಐವತ್ತು ಅರವತ್ತು ದೋಷ ಸಂದೇಶಗಳನ್ನು ಕನ್ನಡಿಸುವುದು ಅದರ ಮುಂದೆ ಒಂದು ರಜೆಯ ಕೆಲಸ. ಹುಬ್ಬಳ್ಳಿ ಧಾರವಾಡದಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಿದೆ, ಐಐಟಿ ಇದೆ. ಗದಗಿನಲ್ಲೇ ತೋಂಟದಾರ್ಯ ಎಂಜಿನಿಯರಿಂಗ್ ಕಾಲೇಜಿದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಮತ್ತೊಂದು ಲೈನ್ ಫಾಲೋವರ್ ಕಾರು ಮಾಡುವುದಕ್ಕಿಂತ ಇದು ಉಪಯೋಗದ್ದು.

ಮೊಬೈಲ್ ಅಂಗಡಿಯ ಹುಡುಗರನ್ನೂ ಇದರಲ್ಲಿ ಸೇರಿಸಿಕೊಳ್ಳಬೇಕು. ಡ್ರೈವರು ಕೂರದಿದ್ದಾಗ ಏನು ಮಾಡಬೇಕು, ಯಾವ ಕೇಬಲ್ಲು ಸುಳ್ಳು ಹೇಳುತ್ತದೆ, ಗುಂಡಿ ಯಾವ ಗಳಿಗೆಯಲ್ಲಿ ಬಿಡಬೇಕು ಎಂಬುದು ಅವರ ಬೆರಳಿಗೇ ಗೊತ್ತು. ಶಾಲೆಯ ಲ್ಯಾಬಿಗೆ ತಿಂಗಳಿಗೊಮ್ಮೆ ಬಂದು ಹೋಗಲು ಅವರಿಗೆ ಗೌರವಧನ ಕೊಡುವುದು ಕಷ್ಟವಲ್ಲ. ಕಷ್ಟವಾಗುವುದು ಪದವಿ ಪ್ರಮಾಣಪತ್ರ ಕೇಳುವ ಕಾಲಂ ತುಂಬುವುದು. ಲ್ಯಾಬಿನ ಮಾರ್ಗದರ್ಶಕರೆಂದು ಎಂಜಿನಿಯರುಗಳನ್ನೂ ಪ್ರಾಧ್ಯಾಪಕರನ್ನೂ ಕರೆಯುವ ಪದ್ಧತಿಯಿದೆ. ಅವರಲ್ಲಿ ಎಷ್ಟು ಜನ ಈ ವರ್ಷ ತಮ್ಮ ಕೈಯಾರೆ ಒಂದು ಚಿಪ್ಪಿಗೆ ಬರೆದಿದ್ದಾರೆ ಎಂದು ಕೇಳುವುದು ಒರಟುತನವಾದೀತೇನೋ, ಆದರೂ ಕೇಳಬೇಕಾದ್ದೇ.

ಇನ್ನು ಉಳಿದದ್ದು ಟೆಂಡರಿನ ಭಾಷೆ. 50,000 ಲ್ಯಾಬುಗಳಲ್ಲಿ ಕರ್ನಾಟಕದ ಪಾಲಿನವುಗಳಿಗೆ ಖರೀದಿ ನಡೆಯುವಾಗ ಬೋರ್ಡಿನ ಸಂಖ್ಯೆಯ ಕೆಳಗೆ ಕೆಲವು ಸಾಲು ಸೇರಿಸಿದರೆ ಸಾಕು: ಇಂಟರ್ನೆಟ್ ಇಲ್ಲದೆಯೂ ಪೂರ್ತಿ ಕೂರಿಸಬಹುದಾದ ತಂತ್ರಾಂಶ ಮತ್ತು ಡ್ರೈವರು ಪೆನ್‌ಡ್ರೈವಿನಲ್ಲಿ ಬರಬೇಕು, ಪ್ರತಿ ಬೋರ್ಡಿಗೂ ಪರೀಕ್ಷಿಸಿದ ಡೇಟಾ ಕೇಬಲ್ಲಿರಬೇಕು, ಗೋಡೆಗೆ ಅಂಟಿಸುವ ಕನ್ನಡ ಹಾಳೆಯೊಂದರಲ್ಲಿ ಬರುವ ತೊಂದರೆಗಳೂ ಅವುಗಳ ಮದ್ದೂ ಇರಬೇಕು, ಬಿಲ್ ಪಾಸಾಗುವ ಮೊದಲು ಆ ಶಾಲೆಯ ಮಗುವೊಂದು ಆ ಶಾಲೆಯ ಕಂಪ್ಯೂಟರಿನಿಂದಲೇ ಅಪ್‌ಲೋಡ್ ಮಾಡಿ ತೋರಿಸಬೇಕು. ಗ್ರಾಮ ಪಂಚಾಯಿತಿಗಳು ಬೀದಿದೀಪದ ಟೈಮರೋ ಕುಡಿಯುವ ನೀರಿನ ಪಂಪಿನ ನಿಯಂತ್ರಕವೋ ಕೊಳ್ಳುವಾಗಲೂ ಒಂದು ಷರತ್ತು ಇರಲಿ. ಕಂಪನಿ ಸೇವೆ ನಿಲ್ಲಿಸಿದ ದಿನ ಫರ್ಮ್‌ವೇರ್ ಫೈಲು ಮತ್ತು ಅದನ್ನು ಬರೆಯುವ ವಿಧಾನ ಪಂಚಾಯಿತಿಗೆ ಹಸ್ತಾಂತರವಾಗಬೇಕು, ಅಲ್ಲಿಯವರೆಗೆ ಅದರ ಒಂದು ಪ್ರತಿ ತಾಲ್ಲೂಕು ಪಂಚಾಯಿತಿ ಕಚೇರಿಯಲ್ಲಿ ಮೊಹರಿನೊಳಗೆ ಇರಬೇಕು.